ನೋವಿನ ಮದ್ದಿಗೆ ಬೀಗವಿರಲಿ, ಬೀಗದ ಕೈಯೂ ಇರಲಿ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ಸಂಬಳ, ವಾರದ ರಜೆ, ಬೋನಸ್ಸು, ಪ್ರಾವಿಡೆಂಟ್ ಫಂಡು, ಇವುಗಳ ಬಗ್ಗೆ ಈ ವೇದಿಕೆಯಿಂದ ನಾವು ಅನೇಕ ಸಲ ಮಾತನಾಡಿದ್ದೇವೆ. ಇವತ್ತು ಮಾತನಾಡಬೇಕಾಗಿ ಬಂದಿರುವುದು ನೋವಿನ ವಿಷಯ. ನೋವೆಂದರೆ ಡಾಕ್ಟರರಿಗೆ ಸಂಬಂಧಪಟ್ಟದ್ದು, ಸಂಘದವರಿಗೆ ಅಲ್ಲಿ ಏನು ಕೆಲಸ ಎಂದು ಕೆಲವರು ಕೇಳಬಹುದು. ನಾವು ಡಾಕ್ಟರರಲ್ಲ, ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಕಪ್ಪು ಬಶಿ ತೊಳೆಯಲು ಮುಂಬಯಿಗೆ ಬಂದವರು. ಆದರೆ ಒಂದು ಮದ್ದು ನಮ್ಮ ದೇಶದಲ್ಲಿಯೇ ತಯಾರಾಗುತ್ತದೆ, ಅದರ ಬೆಲೆಯೂ ಕಡಮೆ, ರೋಗಿಗೆ ಕೊಡಬಹುದೆಂದು ಕಾನೂನೂ ಹೇಳುತ್ತದೆ. ಇಷ್ಟಿದ್ದೂ ಅದು ನರಳುವವನ ಬಾಯಿಗೆ ಬಂದು ಸೇರುವುದಿಲ್ಲ ಎಂದಾದರೆ, ಏಕೆಂದು ಕೇಳುವ ಹಕ್ಕು ಸಂಘಕ್ಕೆ ಉಂಟು.

ನಮ್ಮ ಬಂಡವಾಳವೆಂದರೆ ಈ ಮೈಯೊಂದೇ. ದೋಸೆ ಕಾವಲಿಯ ಮುಂದೆ ದಿನಕ್ಕೆ ಹತ್ತು ಹನ್ನೆರಡು ಗಂಟೆ ನಿಂತವನ ಕಾಲಿನ ನರಗಳು ಹಗ್ಗದಂತೆ ಉಬ್ಬುತ್ತವೆ. ಹಿಟ್ಟಿನ ಪಾತ್ರೆ, ಅನ್ನದ ಕೊಪ್ಪರಿಗೆ ಎತ್ತಿ ಎತ್ತಿ ಸೊಂಟ ಹಿಡಿಯುತ್ತದೆ. ಕುದಿಯುವ ಎಣ್ಣೆ ಕೈಮೇಲೆ ಬಿದ್ದವರು ಈ ಸಭೆಯಲ್ಲಿಯೇ ಎಷ್ಟು ಮಂದಿ ಇಲ್ಲ? ಇತ್ತ 1982ರ ಮುಷ್ಕರದ ನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಅವುಗಳ ಜಾಗದಲ್ಲಿ ಗಾಜಿನ ಕಟ್ಟಡಗಳು ಎದ್ದವು. ಹತ್ತಿಯ ಧೂಳು ಕುಡಿದ ಹಿರಿಯರ ಎದೆಯ ಕೆಮ್ಮು ಮಾತ್ರ ಮುಚ್ಚಲಿಲ್ಲ.

ನೋವಿನಲ್ಲಿ ಎರಡು ತರ. ಒಂದು ದಿನಬಳಕೆಯ ನೋವು: ಸೊಂಟ, ಮಂಡಿ, ಕುತ್ತಿಗೆ. ಇದಕ್ಕೆ ನಾವು ಮಾಡುವುದೇನು? ಮೂಲೆಯ ಮೆಡಿಕಲ್ ಅಂಗಡಿಗೆ ಹೋಗಿ, “ಅಣ್ಣಾ, ನೋವಿನ ಎರಡು ಮಾತ್ರೆ ಕೊಡು” ಎನ್ನುತ್ತೇವೆ. ಅವನು ಕೊಡುತ್ತಾನೆ, ನಾವು ನುಂಗಿ ಮತ್ತೆ ಭಟ್ಟಿಯ ಮುಂದೆ ನಿಲ್ಲುತ್ತೇವೆ. ಡೈಕ್ಲೋಫೆನ್ಯಾಕ್ ಮುಂತಾದ ಈ ಮಾತ್ರೆಗಳನ್ನು ತಿಂಗಳುಗಟ್ಟಲೆ ತಿಂದರೆ ಹೊಟ್ಟೆಯಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು, ಮೂತ್ರಪಿಂಡ ಕೆಡಬಹುದು. ಬೆಂಕಿಯ ಮುಂದೆ ಬೆವರು ಸುರಿಸಿ, ಸಾಕಷ್ಟು ನೀರು ಕುಡಿಯದೆ ನುಂಗುವ ನಮ್ಮಂಥವರಿಗೆ ಆ ಅಪಾಯ ಇನ್ನೂ ಹೆಚ್ಚು. ಈ ನೋವಿಗೆ ಬೇಕಾದದ್ದು ಕುಳಿತುಕೊಳ್ಳಲು ಒಂದು ಸ್ಟೂಲು, ಭಾರ ಎತ್ತಲು ಎರಡನೆಯ ಕೈ, ವಾರಕ್ಕೊಂದು ರಜೆ, ಡಾಕ್ಟರು ಹೇಳಿಕೊಟ್ಟ ವ್ಯಾಯಾಮ. ಅದರ ಹೋರಾಟ ಬೇರೆಯೇ ಇದೆ, ಅದು ನಡೆಯುತ್ತಲೂ ಇದೆ.

ಇವತ್ತಿನ ಮಾತು ಎರಡನೆಯ ತರದ ನೋವಿನದು. ಕ್ಯಾನ್ಸರ್ ಎಲುಬಿಗೆ ಇಳಿದವನ ನೋವು, ಮೈಯೆಲ್ಲ ಸುಟ್ಟು ದಿನಾ ಪಟ್ಟಿ ಬಿಚ್ಚಿಸಿಕೊಳ್ಳುವವನ ನೋವು. ತಿಂಗಳುಗಟ್ಟಲೆ ಬಿಡದೆ ಕಾಡುವ, ಮೆಡಿಕಲ್ ಅಂಗಡಿಯ ಮಾತ್ರೆಗೆ ಜಗ್ಗದ ನೋವು. ಇದಕ್ಕೆ ಮಾರ್ಫೀನ್ ಎಂಬ ಮದ್ದುಂಟು.

ಎರಡು ವರ್ಷಗಳ ಹಿಂದೆ ನಮ್ಮ ಸಂಘದಲ್ಲಿಯೇ ನಡೆದ ಸಂಗತಿಯೊಂದನ್ನು ಹೇಳುತ್ತೇವೆ. ಭಟ್ಟಿಯ ಮುಂದೆ ಇಪ್ಪತ್ತೆಂಟು ವರ್ಷ ನಿಂತ ಅಡುಗೆಯವರೊಬ್ಬರಿದ್ದರು. ಹೆಸರು ಬೇಡ, ಅವರ ಮಕ್ಕಳು ಈ ಪತ್ರಿಕೆ ಓದುತ್ತಾರೆ. ನಾವೆಲ್ಲ ಅವರನ್ನು ಅಣ್ಣ ಎಂದೇ ಕರೆಯುತ್ತಿದ್ದೆವು. ದವಡೆಯಲ್ಲಿ ಹುಣ್ಣಾಗಿ, ಅದು ಕ್ಯಾನ್ಸರ್ ಎಂದು ತಿಳಿಯುವಾಗ ಕಾಲ ಮಿಂಚಿತ್ತು. ಇಲ್ಲಿನ ಡಾಕ್ಟರರು, “ಇನ್ನು ಶಸ್ತ್ರಕ್ರಿಯೆಯಿಂದ ಉಪಯೋಗವಿಲ್ಲ, ಆದರೆ ನೋವನ್ನು ತಡೆಯುತ್ತೇವೆ” ಎಂದು ಹೇಳಿ ಮಾರ್ಫೀನ್ ಮಾತ್ರೆ ಕೊಟ್ಟರು. ಮೂರನೆಯ ದಿನಕ್ಕೆ ಅಣ್ಣ ಗಂಜಿ ಕುಡಿದರು, ರಾತ್ರಿ ನಿದ್ದೆ ಮಾಡಿದರು, ಮಗನನ್ನು ಹತ್ತಿರ ಕೂರಿಸಿಕೊಂಡು ಮನೆಯ ಸಾಲದ ಲೆಕ್ಕ ಹೇಳಿದರು. ಬಳಿಕ ಊರಿಗೆ ಹೋಗುತ್ತೇನೆಂದರು. ಕಡೆಯ ದಿನಗಳನ್ನು ಊರಮನೆಯ ಜಗಲಿಯಲ್ಲಿ ಕಳೆಯಬೇಕೆಂಬ ಆಸೆ ಪರವೂರಲ್ಲಿ ದುಡಿಯುವ ಯಾರಿಗಿಲ್ಲ? ಹದಿನೈದು ದಿನದ ಮಾತ್ರೆ ಕೈಯಲ್ಲಿ ಕೊಟ್ಟು ಹುಡುಗರು ಅವರನ್ನು ರೈಲು ಹತ್ತಿಸಿದರು.

ಮಾತ್ರೆ ಮುಗಿಯಿತು. ಮಗ ಪೇಟೆಗೆ ಹೋದ. ಮೊದಲನೆಯ ಅಂಗಡಿಯವನು ಆ ಮದ್ದಿನ ಹೆಸರನ್ನೇ ಕೇಳಿರಲಿಲ್ಲ. ಎರಡನೆಯವನು, “ಅದು ಅಮಲಿನ ಮದ್ದು ಮಾರಾಯಾ, ಇಟ್ಟರೆ ಪೋಲೀಸು ಕೇಸು” ಎಂದ. ಆಸ್ಪತ್ರೆಯೊಂದರಲ್ಲಿ, “ನಾವು ಇಡುವುದಿಲ್ಲ” ಎಂದರು. ಇನ್ನೊಂದು ಕಡೆ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, “ಮದ್ದು ಯಾರಿಗೆ? ನಿನಗೋ?” ಎಂದು ಕೇಳಿದರು. ತಂದೆ ಮನೆಯಲ್ಲಿ ಒದ್ದಾಡುತ್ತಿರುವಾಗ ಮಗ ಕಳ್ಳನಂತೆ ತಲೆ ತಗ್ಗಿಸಿ ಹಿಂದಿರುಗಿದ. ಕೊನೆಗೆ ಇಲ್ಲಿಂದಲೇ ಚೀಟಿ ಬರೆಸಿ, ಮಾತ್ರೆ ಪಡೆದು, ನಮ್ಮವರೊಬ್ಬರು ರಜೆ ಹಾಕಿ ರಾತ್ರಿ ಬಸ್ಸಿಗೆ ಹೊರಟರು. ತಲಪುವಾಗ ಒಂಬತ್ತು ದಿನ ಕಳೆದಿತ್ತು. ಆ ಒಂಬತ್ತು ರಾತ್ರಿ ನೆರೆಮನೆಯವರೂ ಮಲಗಿರಲಿಲ್ಲ. ಮದ್ದು ಬಂದ ಮೇಲೆ ಅಣ್ಣ ಒಂದು ತಿಂಗಳು ಬದುಕಿದ್ದರು, ಶಾಂತವಾಗಿ ಹೋದರು. ರೋಗವನ್ನು ಹಣೆಬರಹವೆನ್ನೋಣ. ಆ ಒಂಬತ್ತು ದಿನಗಳನ್ನು ಯಾರ ಹಣೆಬರಹವೆನ್ನೋಣ?

ಬಂಧುಗಳೇ, ಈ ಮಾರ್ಫೀನು ಎಲ್ಲಿಂದ ಬರುತ್ತದೆ ಎಂದು ತಿಳಿದರೆ ಆಶ್ಚರ್ಯಪಡುತ್ತೀರಿ. ಹಬ್ಬಕ್ಕೆ ಗಸಗಸೆ ಪಾಯಸ ಮಾಡುತ್ತೇವಲ್ಲ, ಆ ಗಸಗಸೆಯ ಗಿಡದಿಂದ. ಅದರ ಎಳೆಯ ಕಾಯಿಗೆ ಗೀರು ಹಾಕಿದಾಗ ಒಸರುವ ಹಾಲು ಗಟ್ಟಿಯಾದರೆ ಅಫೀಮು. ಅಫೀಮಿನಿಂದ ಬೇರ್ಪಡಿಸಿದ ಸತ್ವ ಮಾರ್ಫೀನು. ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ರೈತರು ಸರಕಾರದ ಲೈಸನ್ಸು ಪಡೆದು ಇದನ್ನು ಬೆಳೆಯುತ್ತಾರೆ. ಗಾಜೀಪುರದಲ್ಲಿಯೂ ನೀಮಚದಲ್ಲಿಯೂ ಸರಕಾರದ್ದೇ ಕಾರಖಾನೆಗಳಿವೆ. ಕಾನೂನುಬದ್ಧವಾಗಿ ಅಫೀಮು ಬೆಳೆದು ಹೊರದೇಶಗಳ ಔಷಧ ಕಂಪೆನಿಗಳಿಗೆ ಮಾರುತ್ತ ಬಂದ ದೇಶ ನಮ್ಮದು. ಆದರೆ ನಮ್ಮ ರೋಗಿಗೆ ಮಾತ್ರೆಯಿಲ್ಲ. ಸಮುದ್ರದ ನಂಟಸ್ತನ, ಉಪ್ಪಿಗೆ ಬಡತನ ಎಂದು ಹಿರಿಯರು ಹೇಳಿದ್ದು ಇದಕ್ಕೇ ಇರಬೇಕು.

ಹೀಗೇಕಾಯಿತು? 1985ರಲ್ಲಿ ಅಮಲು ಪದಾರ್ಥಗಳ ಕಾಯ್ದೆ, ಎನ್.ಡಿ.ಪಿ.ಎಸ್. ಕಾಯ್ದೆ, ಜಾರಿಗೆ ಬಂತು. ಕಳ್ಳಸಾಗಣೆಗಾರರನ್ನು ಹಿಡಿಯುವುದು ಅದರ ಉದ್ದೇಶ, ಉದ್ದೇಶದಲ್ಲಿ ತಪ್ಪಿಲ್ಲ. ಆದರೆ ಅಪರಾಧಕ್ಕೆ ಕನಿಷ್ಠ ಶಿಕ್ಷೆಯೇ ಹತ್ತು ವರ್ಷಗಳ ಕಠಿಣ ಸಜೆ, ಒಂದು ಲಕ್ಷ ರೂಪಾಯಿ ದಂಡ. ದೊಡ್ಡ ಮೊತ್ತ, ಸಣ್ಣ ಮೊತ್ತ ಎಂಬ ಭೇದ ಬಂದದ್ದು 2001ರ ತಿದ್ದುಪಡಿಯ ನಂತರ. ಲೆಕ್ಕದ ಪುಸ್ತಕದಲ್ಲಿ ಒಂದು ಸಾಲು ತಪ್ಪಿದರೆ ಜೈಲಿಗೆ ಹೋದೇನೆಂದು ಡಾಕ್ಟರನೂ ಹೆದರಿದ, ಅಂಗಡಿಯವನೂ ಹೆದರಿದ. ಆಸ್ಪತ್ರೆ ಮಾರ್ಫೀನು ತರಿಸಬೇಕಾದರೆ ಇಡುವುದಕ್ಕೊಂದು ಪರವಾನಗಿ, ಇನ್ನೊಂದು ರಾಜ್ಯದಿಂದ ತರುವುದಕ್ಕೊಂದು, ಅಲ್ಲಿಂದ ಹೊರಗೆ ಕಳಿಸುವುದಕ್ಕೊಂದು, ದಾರಿಯಲ್ಲಿ ಸಾಗಿಸುವುದಕ್ಕೊಂದು. ಕಡೆಯ ಕಾಗದ ಕೈಗೆ ಬರುವಾಗ ಮೊದಲಿನದರ ಅವಧಿ ಮುಗಿದಿರುತ್ತಿತ್ತು. ರೇಷನ್ ಕಾರ್ಡಿನಲ್ಲಿ ಹೆಸರು ಬದಲಾಯಿಸಲು ಕಚೇರಿಯಿಂದ ಕಚೇರಿಗೆ ತಿರುಗಿದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರಿಣಾಮ ನೋಡಿ. 1985ರ ಸುಮಾರಿಗೆ ದೇಶದಲ್ಲಿ ಚಿಕಿತ್ಸೆಗೆ ಬಳಕೆಯಾಗುತ್ತಿದ್ದ ಮಾರ್ಫೀನು 500 ಕಿಲೋಗೂ ಹೆಚ್ಚು. 1997ರಲ್ಲಿ ಅದು 18 ಕಿಲೋಗೆ ಇಳಿಯಿತು. ಇಡೀ ದೇಶಕ್ಕೆ 18 ಕಿಲೋ! ನೋವಿನ ರೋಗಿಗಳು ಕಡಮೆಯಾದರೇ? ಇಲ್ಲ. ಅಫೀಮಿನ ಕಳ್ಳವ್ಯಾಪಾರ ನಿಂತಿತೇ? ಅದೂ ಇಲ್ಲ. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡೆವು. ನೆಗಡಿ ಹಾಗೆಯೇ ಉಳಿಯಿತು. ಮೇಲಾಗಿ, ಮಾರ್ಫೀನು ಮಾತ್ರೆಯನ್ನು ಕಣ್ಣಿಂದಲೇ ನೋಡದ ಡಾಕ್ಟರರ ಒಂದು ತಲೆಮಾರು ಆ ವರ್ಷಗಳಲ್ಲಿ ಕಲಿತು ಹೊರಬಂತು. ನೋಡದ ಮದ್ದನ್ನು ಬರೆಯಲು ಯಾವ ಡಾಕ್ಟರನಿಗೆ ಧೈರ್ಯ ಬರುತ್ತದೆ?

ಹಾಗೆಂದು ಭಯವೇ ಸುಳ್ಳೆಂದು ನಾವು ಹೇಳುವವರಲ್ಲ. ಅಫೀಮಿನ ಕೆಡುಕನ್ನು ಈ ಊರಿನ ಕಾರ್ಮಿಕರು ಹತ್ತಿರದಿಂದ ಕಂಡಿದ್ದಾರೆ. 1920ರ ದಶಕದಲ್ಲಿ ಮುಂಬಯಿಯ ಗಿರಣಿಗಳಲ್ಲಿ ದುಡಿಯುತ್ತಿದ್ದ ತಾಯಂದಿರು ಎಳೆಗೂಸುಗಳಿಗೆ ಅಫೀಮು ಬೆರೆಸಿದ ಬಾಳಾಗೋಳಿ ಕೊಟ್ಟು ಮಲಗಿಸಿ ಪಾಳಿಗೆ ಹೋಗುತ್ತಿದ್ದರು. 1931ರಲ್ಲಿ ವರದಿ ಕೊಟ್ಟ ಕಾರ್ಮಿಕರ ರಾಯಲ್ ಕಮಿಷನ್ನಿನ ಮುಂದೆಯೂ ಈ ವಿಷಯ ಬಂದಿತ್ತು. ಆ ತಾಯಂದಿರು ಕೆಟ್ಟವರೇ? ಕೂಸನ್ನು ನೋಡಿಕೊಳ್ಳಲು ಯಾರೂ ಇಲ್ಲ, ಬಾಣಂತಿಗೆ ರಜೆಯಿಲ್ಲ, ಒಂದು ದಿನ ತಪ್ಪಿದರೆ ಕೂಲಿಯಿಲ್ಲ. ಆ ಗೋಳಿಯನ್ನು ಬಿಡಿಸಲು ಬೇಕಾಗಿದ್ದದ್ದು ಗಿರಣಿಯಲ್ಲಿ ತೊಟ್ಟಿಲ ಕೋಣೆ, ಬಾಣಂತಿಗೆ ಸಂಬಳದ ರಜೆ. ಆರೈಕೆ ಇಲ್ಲದ ಕಡೆ ಮದ್ದು ವಿಷವಾಗುತ್ತದೆ. ಇದನ್ನು ನೆನಪಿಡೋಣ.

ಭಯಕ್ಕೆ ಇನ್ನೊಂದು ಕಾರಣವನ್ನು ಜನ ಅಮೆರಿಕದಿಂದ ತರುತ್ತಾರೆ. “ಅಲ್ಲಿ ನೋವಿನ ಮಾತ್ರೆಯಿಂದ ಸಾವಿರಾರು ಜನ ಸತ್ತರಲ್ಲ?” ಎನ್ನುತ್ತಾರೆ. ಹೌದು, ಅದನ್ನೂ ಸರಿಯಾಗಿ ತಿಳಿದುಕೊಳ್ಳೋಣ. 1996ರಲ್ಲಿ ಅಲ್ಲಿ ಆಕ್ಸಿಕಾಂಟಿನ್ ಎಂಬ ಮಾತ್ರೆ ಮಾರುಕಟ್ಟೆಗೆ ಬಂತು. ಅದು ಮಾರ್ಫೀನಿನ ಜಾತಿಯದೇ. ಕಂಪೆನಿಯ ಸೇಲ್ಸ್‌ಮನ್ನರು ಡಾಕ್ಟರರ ಬಾಗಿಲಿಂದ ಬಾಗಿಲಿಗೆ ಹೋಗಿ, ಇದರಿಂದ ಚಟ ಹಿಡಿಯುವ ಭಯ ಕಡಮೆ ಎಂದು ನಂಬಿಸಿದರು. ಸಾಧಾರಣ ಸೊಂಟನೋವಿಗೂ ಅದನ್ನು ಬರೆದರು. 2007ರಲ್ಲಿ ಕಂಪೆನಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡಿತು. ಆಗಲೇ ಕೆಡುಕು ಹಬ್ಬಿತ್ತು. ಮುಂದೆ ಕಳ್ಳದಾರಿಯ ಹೆರಾಯಿನ್, ಫೆಂಟನಿಲ್ ಬಂದು ಸೇರಿ, 2021ರ ಒಂದೇ ವರ್ಷದಲ್ಲಿ ಈ ಜಾತಿಯ ಪದಾರ್ಥಗಳಿಂದ ಅಲ್ಲಿ 80,000ಕ್ಕೂ ಹೆಚ್ಚು ಜನ ಸತ್ತರು.

ಆದರೆ ಅಲ್ಲಿನ ಕತೆಗೆ ಎರಡನೆಯ ಭಾಗವೊಂದುಂಟು. ಕೆಡುಕನ್ನು ತಡೆಯಲು 2016ರಲ್ಲಿ ಅಲ್ಲಿನ ಸರಕಾರದ ರೋಗ ನಿಯಂತ್ರಣ ಕೇಂದ್ರ ಡಾಕ್ಟರರಿಗೆ ಮಾರ್ಗಸೂಚಿ ಕೊಟ್ಟಿತು. ಅದನ್ನೇ ಕಲ್ಲಿನ ಮೇಲಿನ ಬರಹವೆಂದು ಹಿಡಿದು, ವರ್ಷಗಟ್ಟಲೆ ಮಾತ್ರೆಯ ಆಧಾರದಿಂದ ಕೆಲಸ ಮಾಡಿಕೊಂಡಿದ್ದ ರೋಗಿಗಳಿಗೂ ಅನೇಕ ಕಡೆ ಒಮ್ಮೆಲೇ ಮದ್ದು ನಿಲ್ಲಿಸಿದರು. ಹಾಗೆ ಹಠಾತ್ತಾಗಿ ನಿಲ್ಲಿಸುವುದರಿಂದ ನೋವು ಉಲ್ಬಣಿಸುತ್ತದೆ, ರೋಗಿ ಆತ್ಮಹತ್ಯೆಗೂ ಇಳಿಯಬಹುದು ಎಂದು 2019ರಲ್ಲಿ ಅಲ್ಲಿನ ಔಷಧ ಇಲಾಖೆಯೇ ಎಚ್ಚರಿಕೆ ಕೊಡಬೇಕಾಯಿತು. 2022ರಲ್ಲಿ ಮಾರ್ಗಸೂಚಿಯನ್ನೂ ತಿದ್ದಿದರು. ಮೊದಲು ಲಾಭದ ಆಸೆಯಿಂದ ಮದ್ದನ್ನು ಚೆಲ್ಲಿದರು, ಆಮೇಲೆ ಭಯದಿಂದ ಕಸಿದುಕೊಂಡರು. ಎರಡು ಸಲವೂ ಪೆಟ್ಟು ತಿಂದವನು ರೋಗಿ. ಹಣ ಮಾಡುವವನ ಕೈಗೂ ಈ ಮದ್ದನ್ನು ಬಿಡಬಾರದು, ಹೆದರಿದವನ ಕೈಗೂ ಬಿಡಬಾರದು. ಅಮೆರಿಕದಿಂದ ನಾವು ಕಲಿಯುವುದು ಇದನ್ನು.

ಹಾಗಾದರೆ ಯಾರ ಕೈಗೆ ಬಿಡಬೇಕು? ಇದಕ್ಕೆ ಉತ್ತರ ನಮ್ಮ ಊರಿನ ದಕ್ಷಿಣಕ್ಕೆ, ಕೇರಳದಲ್ಲಿ ಸಿಗುತ್ತದೆ. 1993ರಲ್ಲಿ ಕಲ್ಲಿಕೋಟೆಯ ಮೆಡಿಕಲ್ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್, ಡಾ. ಸುರೇಶ್ ಕುಮಾರ್ ಮುಂತಾದವರು ನೋವು ಶಮನಕ್ಕೆಂದೇ ಒಂದು ಸೊಸೈಟಿ ಕಟ್ಟಿದರು. ರೋಗ ಗುಣವಾಗದಿದ್ದರೂ ನೋವನ್ನು ತಡೆದು, ರೋಗಿಯನ್ನೂ ಮನೆಯವರನ್ನೂ ನೋಡಿಕೊಳ್ಳುವ ಈ ಚಿಕಿತ್ಸೆಗೆ ಪ್ಯಾಲಿಯೇಟಿವ್ ಆರೈಕೆ ಎನ್ನುತ್ತಾರೆ. ಅಲ್ಲಿ ಮಾರ್ಫೀನು ಮಾತ್ರೆಯನ್ನು ಹೊರರೋಗಿಗಳಿಗೆ ಮನೆಗೆ ಕೊಟ್ಟು ಕಳಿಸಿದರು. ಲೆಕ್ಕವಿಟ್ಟರು. ಎರಡು ವರ್ಷಗಳಲ್ಲಿ 1,723 ರೋಗಿಗಳು ಹೀಗೆ ಮಾತ್ರೆ ಪಡೆದರು. ಅದು ಅಡ್ಡದಾರಿಗೆ ಹೋದ ಒಂದು ಪ್ರಕರಣವೂ ಸಿಕ್ಕಲಿಲ್ಲ. ಈ ಸಂಗತಿ 2001ರಲ್ಲಿ ಲ್ಯಾನ್ಸೆಟ್ ಎಂಬ ಪ್ರಸಿದ್ಧ ವೈದ್ಯಪತ್ರಿಕೆಯಲ್ಲಿ ಅಚ್ಚಾಯಿತು. ಆಮೇಲೆ ಕೆಲಸ ಊರೂರಿಗೆ ಹಬ್ಬಿತು. ಸ್ವಯಂಸೇವಕರಾಗಿ ನಿಂತವರು ಸಾಮಾನ್ಯ ಜನ. ಅವರು ತರಬೇತಿ ಪಡೆದು ರೋಗಿಯ ಮನೆಗೆ ಹೋದರು, ಪುಡಿಕಾಸು ಕೂಡಿಸಿ ಖರ್ಚು ನಡೆಸಿದರು. 2008ರಲ್ಲಿ ಕೇರಳ ಸರಕಾರ ಇದನ್ನು ತನ್ನ ನೀತಿಯನ್ನಾಗಿಯೇ ಸ್ವೀಕರಿಸಿತು.

ಬಂಧುಗಳೇ, ಇದು ಹೊಟೇಲಿನವರಿಗೆ ಚೆನ್ನಾಗಿ ತಿಳಿಯುವ ಮಾತು. ಗಲ್ಲಾದಿಂದ ಹಣ ಕಳವಾದೀತೆಂದು ಯಾವ ಧಣಿಯೂ ಹೊಟೇಲು ಮುಚ್ಚುವುದಿಲ್ಲ. ಗಲ್ಲಾಕ್ಕೆ ಬೀಗ ಹಾಕುತ್ತಾನೆ, ನಂಬಿಕೆಯವನನ್ನು ಕೂರಿಸುತ್ತಾನೆ, ರಾತ್ರಿ ಬಿಲ್ಲನ್ನೂ ಹಣವನ್ನೂ ತಾಳೆ ನೋಡುತ್ತಾನೆ. ಮಾರ್ಫೀನಿಗೂ ಬೀಗವಿರಲಿ, ರಿಜಿಸ್ಟರಿರಲಿ, ತಾಳೆಯಿರಲಿ. ಬೀಗದ ಕೈಯನ್ನು ಮಾತ್ರ ಸಮುದ್ರಕ್ಕೆ ಎಸೆಯಬೇಡಿರಿ ಎಂಬುದಷ್ಟೇ ನಮ್ಮ ಬೇಡಿಕೆ.

ದೇಶದ ಕಾನೂನೂ ಈಗ ಹೆಚ್ಚುಕಡಮೆ ಇದನ್ನೇ ಹೇಳುತ್ತದೆ. ಎಷ್ಟೋ ಡಾಕ್ಟರರು, ರೋಗಿಗಳ ಮನೆಯವರು ವರ್ಷಗಟ್ಟಲೆ ದೆಹಲಿಗೆ ಅಲೆದ ಮೇಲೆ, 2014ರಲ್ಲಿ ಪಾರ್ಲಿಮೆಂಟು ಕಾಯ್ದೆಯನ್ನು ತಿದ್ದಿತು. 2015ರ ಮೇ ತಿಂಗಳಲ್ಲಿ ನಿಯಮಗಳು ಬಂದವು. ಮಾರ್ಫೀನು, ಫೆಂಟನಿಲ್, ಮೆಥಡೋನ್, ಕೋಡೀನ್, ಆಕ್ಸಿಕೋಡೋನ್, ಹೈಡ್ರೋಕೋಡೋನ್ ಎಂಬ ಆರು ಮದ್ದುಗಳನ್ನು ಅಗತ್ಯದ ಮದ್ದುಗಳೆಂದು ಹೆಸರಿಸಿದರು. ಹಿಂದಿನ ಹತ್ತಾರು ಕಾಗದಗಳ ಬದಲು, ತರಬೇತಾದ ಡಾಕ್ಟರನಿರುವ ಆಸ್ಪತ್ರೆ ರಾಜ್ಯದ ಔಷಧ ನಿಯಂತ್ರಕರಲ್ಲಿ ಅರ್ಜಿ ಹಾಕಿ ಮಾನ್ಯತೆ ಪಡೆದರಾಯಿತು; ಇಷ್ಟು ಬಂತು, ಇಷ್ಟು ಖರ್ಚಾಯಿತು ಎಂದು ಲೆಕ್ಕ ಕೊಡಬೇಕು, ಅಷ್ಟೆ. ನಿಯಮ ದೇಶಕ್ಕೆಲ್ಲ ಒಂದೇ.

ಆದರೆ ದೇವರು ವರ ಕೊಟ್ಟರೂ ಪೂಜಾರಿ ಕೊಡ. ಎಷ್ಟೋ ಆಸ್ಪತ್ರೆಗಳು ಆ ಅರ್ಜಿಯನ್ನೇ ಹಾಕಿಲ್ಲ. 2017ರಲ್ಲಿ ಹೊರಬಂದ ಲ್ಯಾನ್ಸೆಟ್ ಆಯೋಗದ ವರದಿಯ ಲೆಕ್ಕದಂತೆ, ಪ್ರಪಂಚದಲ್ಲಿ ವರ್ಷಕ್ಕೆ ಹಂಚಿಕೆಯಾಗುತ್ತಿದ್ದ ಈ ಜಾತಿಯ ಮದ್ದು 298.5 ಟನ್ನು, ಅದರಲ್ಲಿ ಅತಿ ಬಡ ದೇಶಗಳಿಗೆ ಸಿಗುತ್ತಿದ್ದುದು ಒಂದು ಟನ್ನಿನ ಹತ್ತನೆಯ ಒಂದು ಪಾಲು. ಭಾರತದ ರೋಗಿಗಳಿಗೆ ಸಿಗುತ್ತಿದ್ದುದು ಬೇಕಾದದ್ದರ ನೂರಕ್ಕೆ 4 ಪಾಲು ಮಾತ್ರ. ಹಂಡೆ ತುಂಬ ಅನ್ನ ಬೆಂದಿದೆ, ನಮ್ಮ ಪಂಕ್ತಿಗೆ ಬರುವಾಗ ಸೌಟಿಗೆ ನಾಲ್ಕು ಅಗುಳು.

ಈಗ ನಮ್ಮೊಳಗಿನ ಭಯದ ಮಾತಿಗೆ ಬರೋಣ. ಮನೆಯವರೇ ಕೇಳುತ್ತಾರೆ: “ಮಾರ್ಫೀನು ಶುರುವಾಯಿತೆಂದರೆ ಇನ್ನು ಮುಗಿಯಿತು ಎಂದಲ್ಲವೇ? ಚಟ ಹಿಡಿಯುವುದಿಲ್ಲವೇ?” ತಿಳಿದ ಡಾಕ್ಟರರಿಂದ ನಾವು ಕೇಳಿಕೊಂಡು ಬಂದದ್ದನ್ನು ಹೇಳುತ್ತೇವೆ. ವಿಶ್ವ ಆರೋಗ್ಯ ಸಂಸ್ಥೆ 1986ರಲ್ಲಿಯೇ ಕ್ಯಾನ್ಸರ್ ನೋವಿಗೆ ಮೆಟ್ಟಿಲಿನ ಕ್ರಮ ಹಾಕಿಕೊಟ್ಟಿದೆ. ಮೊದಲ ಮೆಟ್ಟಿಲಲ್ಲಿ ಸಾಧಾರಣ ಮಾತ್ರೆ, ಅದಕ್ಕೆ ಬಗ್ಗದಿದ್ದರೆ ಸ್ವಲ್ಪ ಬಲವಾದದ್ದು, ಅದಕ್ಕೂ ಬಗ್ಗದಿದ್ದರೆ ಮಾರ್ಫೀನು. ಸಾಧ್ಯವಾದಷ್ಟು ಬಾಯಿಯಿಂದಲೇ ಕೊಡಬೇಕು, ಗಡಿಯಾರ ನೋಡಿ ಕೊಡಬೇಕು. ಸಾಧಾರಣ ಮಾರ್ಫೀನು ಮಾತ್ರೆಯ ಪ್ರಭಾವ ನಾಲ್ಕು ಗಂಟೆ. ನೋವು ತಿರುಗಿ ಏಳುವ ಮೊದಲೇ ಮುಂದಿನದನ್ನು ಕೊಟ್ಟರೆ ಸಣ್ಣ ಪ್ರಮಾಣದಲ್ಲಿಯೇ ನೋವು ಹತೋಟಿಗೆ ಬರುತ್ತದೆ. ಮೊದಮೊದಲು ಮಂಪರು, ವಾಕರಿಕೆ ಬರಬಹುದು. ಕೆಲವು ದಿನಗಳಲ್ಲಿ ಸಾಮಾನ್ಯವಾಗಿ ಕಡಮೆಯಾಗುತ್ತದೆ. ಮಲಬದ್ಧತೆ ಮಾತ್ರ ಬಿಡುವುದಿಲ್ಲ. ಅದಕ್ಕೆ ಜತೆಯಲ್ಲಿಯೇ ಮದ್ದು ತೆಗೆದುಕೊಳ್ಳಬೇಕು.

ಬಹಳ ದಿನ ತೆಗೆದುಕೊಂಡ ಮೈಗೆ ಆ ಮದ್ದು ಒಗ್ಗಿರುತ್ತದೆ. ಒಮ್ಮೆಲೇ ನಿಲ್ಲಿಸಿದರೆ ಮೈ ನಡುಗಿ ಸಂಕಟವಾಗುತ್ತದೆ. ಅಣ್ಣನ ಒಂಬತ್ತು ದಿನಗಳಲ್ಲಿ ಈ ಸಂಕಟವೂ ಸೇರಿತ್ತು. ಆದರೆ ಮೈಗೆ ಒಗ್ಗುವುದೇ ಬೇರೆ, ಚಟವೇ ಬೇರೆ. ಚಟ ಹಿಡಿದವನು ಮದ್ದಿಗಾಗಿ ಮನೆ, ಕೆಲಸ, ಹೆಂಡತಿ ಮಕ್ಕಳನ್ನು ಬಿಡುತ್ತಾನೆ. ನೋವು ತಗ್ಗಿದ ರೋಗಿ ಅವರ ಹತ್ತಿರಕ್ಕೆ ಹಿಂದಿರುಗುತ್ತಾನೆ. ಚಟದ ಅಪಾಯ ಕೆಲವರಿಗೆ ಉಂಟು; ಅದನ್ನು ನೋಡಿಕೊಳ್ಳಬೇಕಾದವನೂ ಡಾಕ್ಟರನೇ. ಎಲ್ಲ ದೀರ್ಘ ನೋವಿಗೂ ಮಾರ್ಫೀನೇ ಮದ್ದೆಂದೂ ತಿಳಿಯಬಾರದು. ನರದ ನೋವಿಗೆ ಬೇರೆ ಮದ್ದುಗಳಿವೆ, ಸೊಂಟನೋವಿಗೆ ಬೇರೆ ದಾರಿಗಳಿವೆ. ಯಾವುದು ಯಾರಿಗೆ ಎಂದು ತೀರ್ಮಾನಿಸಲು ಕಲಿತ ಡಾಕ್ಟರು ಬೇಕು, ಅವರ ಕಪಾಟಿನಲ್ಲಿ ಮದ್ದಿರಬೇಕು. ಟ್ರಮಡಾಲ್ ಎಂಬ ಮಾತ್ರೆ ಅಂಗಡಿಯಿಂದ ಸಲೀಸಾಗಿ ಹೋಗಿ ಅಮಲಿಗೆ ಬಳಕೆಯಾದಾಗ 2018ರಲ್ಲಿ ಅದನ್ನೂ ಈ ಕಾಯ್ದೆಯೊಳಗೆ ತಂದರು. ಆದುದರಿಂದ ಚೀಟಿಯಿಲ್ಲದೆ ಮದ್ದು ಕೊಳ್ಳುವುದಾಗಲಿ, ನಿಮಗೆ ಬರೆದದ್ದನ್ನು ಗೆಳೆಯನಿಗೆ ಕೊಡುವುದಾಗಲಿ ಖಂಡಿತ ಬೇಡ.

ನಮ್ಮ ಖೋಲಿಗಳ ಸ್ಥಿತಿ ನಿಮಗೆ ಗೊತ್ತೇ ಇದೆ. ಹತ್ತು ಹನ್ನೆರಡು ಮಂದಿ ಮಲಗುವ ಜಾಗ, ಒಂದೇ ಗೂಟಕ್ಕೆ ನಾಲ್ವರ ಅಂಗಿ. ಅಂಥಲ್ಲಿ ರೋಗಿಯೊಬ್ಬನಿಗೆ ಮಾರ್ಫೀನು ಬಂದರೆ ಅದನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿ. ಒಬ್ಬನ ಮೇಲೆಯೇ ಜವಾಬ್ದಾರಿ ಇರಲಿ. ಎಷ್ಟು ಬಂತು, ಎಷ್ಟು ಕೊಟ್ಟೆ ಎಂದು ಪುಸ್ತಕದಲ್ಲಿ ಬರೆಯಲಿ. ಡಾಕ್ಟರರ ಚೀಟಿ ಮಾತ್ರೆಯ ಜತೆಯಲ್ಲಿಯೇ ಇರಲಿ. ಚೀಟಿಯಿದ್ದ ರೋಗಿ ಮದ್ದು ಇಟ್ಟುಕೊಳ್ಳುವುದು ಅಪರಾಧವಲ್ಲ. ರೋಗಿ ತೀರಿಕೊಂಡರೆ ಉಳಿದ ಮಾತ್ರೆಯನ್ನು ಕೊಟ್ಟ ಆಸ್ಪತ್ರೆಗೇ ಹಿಂದಿರುಗಿಸಿ. ಕಾರ್ಮಿಕರ ಕೈಗೆ ಇಂಥ ಮದ್ದು ಕೊಡಬಾರದು ಎನ್ನುವವರ ಬಾಯಿ ಮುಚ್ಚಿಸಲು ಇದಕ್ಕಿಂತ ಒಳ್ಳೆಯ ಉತ್ತರವಿಲ್ಲ.

ಈ ಊರಿನಲ್ಲಿ ದಾರಿಗಳು ಇಲ್ಲದಿಲ್ಲ. ಗಿರಣಿಗಳ ನಡುವೆ, ಪರೇಲಿನಲ್ಲಿ 1941ರಲ್ಲಿ ತೆರೆದ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ ಪ್ಯಾಲಿಯೇಟಿವ್ ವಿಭಾಗವೇ ಇದೆ. ಬಾಂದ್ರಾದಲ್ಲಿ 1986ರಿಂದ ಶಾಂತಿ ಅವೇದನಾ ಸದನವಿದೆ; ದೇಶದ ಮೊದಲ ಹಾಸ್ಪಿಸ್ ಅದು. ಊರ ಕಡೆ ಮಣಿಪಾಲದ ಕೆ.ಎಂ.ಸಿ.ಯಲ್ಲಿ ಇಂಥ ವಿಭಾಗವಿದೆ, ಬೆಂಗಳೂರಿನಲ್ಲಿ ಕರುಣಾಶ್ರಯವಿದೆ. ಆದರೆ ಉಡುಪಿಯವನಿಗೂ ಬೀದರದವನಿಗೂ ದಾರಿ ಒಂದೇ ಅಳತೆಯದಲ್ಲ. ತಾಲೂಕಿಗೊಂದು ಕಡೆಯಾದರೂ ಮದ್ದು ಸಿಗದೆ ಹೋದರೆ ಪರವೂರಿನಿಂದ ಊರಿಗೆ ಹೋಗುವ ರೋಗಿಯ ಪಾಡು ಅಣ್ಣನ ಪಾಡೇ.

ಹಾಗಾದರೆ ಮಾಡಬೇಕಾದದ್ದೇನು?

ಒಂದನೆಯದಾಗಿ, “ತಡೆದುಕೋ” ಎಂಬ ಮಾತನ್ನು ಬಿಡೋಣ. ನೋವಿದ್ದರೆ ಡಾಕ್ಟರರಿಗೆ ಹೇಳಬೇಕು, ಎಷ್ಟಿದೆ ಎಂದು ಹೇಳಬೇಕು: ಸೊನ್ನೆಯಿಂದ ಹತ್ತರೊಳಗೆ ಎಷ್ಟು, ರಾತ್ರಿ ನಿದ್ದೆ ಬರುತ್ತದೆಯೋ ಇಲ್ಲವೋ ಎಂದು. ಗಂಡಸರು ನೋವು ಹೇಳಬಾರದೆಂಬ ಹುಸಿ ಮರ್ಯಾದೆ ನಮ್ಮಲ್ಲಿ ಬಹಳ.

ಎರಡನೆಯದಾಗಿ, ರೋಗಿಯನ್ನು ಊರಿಗೆ ಕಳಿಸುವ ಮೊದಲೇ ಇಲ್ಲಿನ ಡಾಕ್ಟರರನ್ನು ಕೇಳಬೇಕು: ಊರಿನ ಹತ್ತಿರ ಈ ಮದ್ದು ಎಲ್ಲಿ ಸಿಗುತ್ತದೆ? ಅಲ್ಲಿಗೆ ಪತ್ರ ಬರೆದುಕೊಡುತ್ತೀರಾ? ರೈಲು ಟಿಕೆಟಿಗಿಂತ ಮೊದಲು ಈ ಪತ್ರ.

ಮೂರನೆಯದಾಗಿ, ಸಂಘದಿಂದ ಮೂವರನ್ನು ಈ ಕೆಲಸಕ್ಕೆ ನೇಮಿಸೋಣ. ಮಾನ್ಯತೆ ಪಡೆದ ಆಸ್ಪತ್ರೆಗಳ ಪಟ್ಟಿಯನ್ನು ಜಿಲ್ಲಾವಾರು ಮಾಡಿ ನಮ್ಮ ಕಚೇರಿಯ ಗೋಡೆಗೆ ಅಂಟಿಸೋಣ. ಹತ್ತು ಮತ್ತು ಹೆಚ್ಚು ಮಂದಿ ಕೆಲಸ ಮಾಡುವ ಹೊಟೇಲುಗಳಲ್ಲಿ ಇ.ಎಸ್.ಐ. ಸೌಲಭ್ಯ ಪಡೆಯುವ ಹಕ್ಕಿನವರ ಕಾರ್ಡು ಸರಿಯಾಗಿದೆಯೇ ಎಂದೂ ಇವರು ನೋಡಲಿ. ಷರತ್ತು ಪೂರೈಸಿದವರಿಗೆ ಕ್ಯಾನ್ಸರಿನಂಥ ದೀರ್ಘ ರೋಗದಲ್ಲಿ ಸಂಬಳದ ನೂರಕ್ಕೆ 80ರಂತೆ ಹೆಚ್ಚಿನ ಕಾಲದ ಕಾಯಿಲೆ ಭತ್ಯ ಸಿಗುತ್ತದೆಂಬುದು ನಮ್ಮಲ್ಲಿ ಅನೇಕರಿಗೆ ಗೊತ್ತಿಲ್ಲ.

ನಾಲ್ಕನೆಯದಾಗಿ, ಎರಡು ಮನವಿಗಳನ್ನು ಕಳಿಸೋಣ. ಕಾರ್ಮಿಕರ ದುಡ್ಡಿನಿಂದ ನಡೆಯುವ ಇ.ಎಸ್.ಐ. ಆಸ್ಪತ್ರೆಗಳೆಲ್ಲ ಮಾನ್ಯತೆ ಪಡೆದು ಮಾರ್ಫೀನು ಇಡಬೇಕೆಂದು ಒಂದು. ಕರ್ನಾಟಕದ ಪ್ರತಿಯೊಂದು ಜಿಲ್ಲಾ ಆಸ್ಪತ್ರೆ, ತಾಲೂಕು ಆಸ್ಪತ್ರೆಯಲ್ಲಿ ಈ ಮದ್ದೂ, ಕೊಡಲು ಕಲಿತ ಒಬ್ಬ ಡಾಕ್ಟರೂ ಇರಬೇಕೆಂದು ಇನ್ನೊಂದು. ಸಹಿ ಹಾಕಲು ಕಾಗದಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಹೆಬ್ಬೆಟ್ಟು ಒತ್ತುವವರ ಹೆಬ್ಬೆಟ್ಟಿಗೂ ಸಹಿಯಷ್ಟೇ ಬೆಲೆ.

ಸಾರಾಯಿ ಅಂಗಡಿಗೆ ಈ ದೇಶದಲ್ಲಿ ಲೈಸನ್ಸು ಸಿಗುತ್ತದೆ. ನೋವು ತಾಳಲಾರದೆ ನಮ್ಮವರು ಅಲ್ಲಿಗೆ ಹೋಗಿ ಕುಡಿದು ಬಿದ್ದರೆ ಯಾರಿಗೂ ಅಭ್ಯಂತರವಿಲ್ಲ. ಅದೇ ನೋವಿಗೆ ಡಾಕ್ಟರು ಅಳೆದು ಕೊಡುವ ಮಾತ್ರೆಯೆಂದರೆ ಎಲ್ಲರಿಗೂ ಭಯ. ಈ ನ್ಯಾಯವನ್ನು ನಾವು ಒಪ್ಪುವುದಿಲ್ಲ. 1961ರಲ್ಲಿ ಲೋಕದ ದೇಶಗಳೆಲ್ಲ ಕೂಡಿ ಅಮಲು ಪದಾರ್ಥಗಳ ಬಗ್ಗೆ ಒಪ್ಪಂದ ಮಾಡಿದಾಗ, ನೋವು ಕಳೆಯಲು ಈ ಮದ್ದುಗಳು ಬೇಕೇ ಬೇಕು, ಅವು ಸಿಗುವಂತೆ ನೋಡಿಕೊಳ್ಳಬೇಕು ಎಂದು ಅದರ ಆರಂಭದಲ್ಲಿಯೇ ಒಪ್ಪಿಕೊಂಡರು. ಕಳ್ಳನನ್ನು ಹಿಡಿಯುವ ಅರ್ಧವನ್ನು ಸರಕಾರ ನೆನಪಿಟ್ಟಿದೆ. ಉಳಿದರ್ಧವನ್ನು ನೆನಪಿಸುವ ಕೆಲಸ ನಮ್ಮದು.

ಸಭೆ ಮುಗಿದ ಮೇಲೆ ರಾತ್ರಿ ಪಾಳಿಯವರು ಮೊದಲು ಸಹಿ ಮಾಡಿ ಹೊರಡಲಿ, ಉಳಿದವರು ಅವರಿಗೆ ದಾರಿ ಬಿಡಿ.